ಜಾಲರಿ ಹಿಡಿದ ಸಂತ

ನಾವಿರುವುದು ಜರ್ಮನಿಯ ನ್ಯೂರೆಂಬರ್ಗ್ ಹತ್ತಿರ. ಇಲ್ಲಿ ಕಥೋಲಿಕ ಮಕ್ಕಳಿಗೆ ಹದಿನಾಲ್ಕು, ಹದಿನೈದು ವರ್ಷವಾದಾಗ ಫಿರ್ಮುಂಗ್ ಆಗುತ್ತದೆ. ಅಂದರೆ ನಾವು ಊರಲ್ಲಿ ದೃಢೀಕರಣ ಅಂತೀವಲ್ಲ, ಅದೇ. ತಯಾರಿ ಮಾಡಿಸುವವರು ನಮ್ಮಂಥ ಅಪ್ಪ-ಅಮ್ಮಂದಿರೇ. ಹೋದ ವರ್ಷ ನನ್ನ ಪಾಲಿಗೆ ಏಳು ಮಕ್ಕಳು ಬಂದರು. ಅವರಲ್ಲಿ ಒಬ್ಬಳು ನನ್ನ ಮಗಳೇ. ಸ್ವಂತ ಮಗಳಿಗೆ ಜ್ಞಾನೋಪದೇಶ ಹೇಳಿಕೊಡುವ ಕಷ್ಟ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ಶನಿವಾರ ಅವರನ್ನೆಲ್ಲ ಪೇಟೆಯ ಲೊರೆನ್ಸ್ ಚರ್ಚಿಗೆ ಕರೆದುಕೊಂಡು ಹೋದೆ. ಅದು 1525ರಿಂದ ಲೂಥರನ್ ಚರ್ಚು. ಆದರೂ ಹಳೆಯ ಸಂತರ ಪ್ರತಿಮೆಗಳನ್ನು ಅವರು ಉಳಿಸಿಕೊಂಡಿದ್ದಾರೆ. ‘ಫೋನ್ ಒಳಗಿಡಿ, ಯಾರು ಯಾರು ಅಂತ ಕೈಯಲ್ಲಿರೋದನ್ನ ನೋಡಿ ಹೇಳಿ’ ಅಂದೆ. ಬೀಗದ ಕೈ ಇದ್ದರೆ ಪೇತ್ರ, ಕತ್ತಿ ಇದ್ದರೆ ಪೌಲ. ಇಷ್ಟು ಎಲ್ಲರಿಗೂ ಬಂತು. ಚಕ್ರ ಹಿಡಿದ ಕ್ಯಾಥರೀನ್, ಗೋಪುರ ಹಿಡಿದ ಬಾರ್ಬರಾ ಕೂಡ ಗೊತ್ತಿತ್ತು. ಜರ್ಮನ್ ಮಕ್ಕಳಿಗೆ ಅದಕ್ಕೊಂದು ಪ್ರಾಸದ ಪದ್ಯವೇ ಇದೆ. ಕೈಯಲ್ಲಿ ಕಬ್ಬಿಣದ ಜಾಲರಿ ಹಿಡಿದವನನ್ನು ಕಂಡು ಒಬ್ಬ ಹುಡುಗ ‘ಏಣಿ’ ಅಂದ, ಇನ್ನೊಬ್ಬ ‘ಗ್ರಿಲ್’ ಅಂದು ನಕ್ಕ. ನಕ್ಕರೂ ಅವನು ಹೇಳಿದ್ದೇ ಸರಿ. ಆ ಚರ್ಚಿನ ಹೆಸರೇ ಅವರದು: ಸಂತ ಲಾರೆನ್ಸ್.

ಲಾರೆನ್ಸ್ ರೋಮಿನ ಧರ್ಮಸೇವಕ, ವ್ಯಾಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರಲ್ಲಿ ರಕ್ತಸಾಕ್ಷಿಯಾದವರು. ಈ ಕಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಕನಕಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಒಲೆ ಮುಂದೆ ಕೂತು ರೊಟ್ಟಿ ಸುಡುತ್ತಾ ಅಜ್ಜಿ ಹೇಳಿದ್ದು. ಚರ್ಚಿನ ಸಂಪತ್ತೆಲ್ಲ ತಂದೊಪ್ಪಿಸು ಅಂತ ಅಧಿಕಾರಿ ಹೇಳಿದಾಗ ಲಾರೆನ್ಸಪ್ಪ ಊರಿನ ಬಡವರು, ಕುಂಟರು, ಕುರುಡರನ್ನೆಲ್ಲ ಕರಕೊಂಡು ಹೋಗಿ ‘ತಗೊಳ್ಳಿ, ಇದೇ’ ಅಂದನಂತೆ. ಆಮೇಲೆ ಜಾಲರಿ ಮೇಲೆ ಮಲಗಿಸಿ ಸುಡುವಾಗ, ಈ ಮಗ್ಗುಲು ಬೆಂದಿದೆ, ಮಗುಚಿ ಹಾಕಿ ಅಂದನಂತೆ. ಸರಿಯಾಗಿ ಆ ಮಾತಿಗೆ ಅಜ್ಜಿ ರೊಟ್ಟಿ ಮಗುಚೋಳು. ಅಡುಗೆಯವರಿಗೆ ಅವರೇ ಪಾಲಕ ಸಂತ ಅಂತ ನನಗೆ ಆಮೇಲೆ ತಿಳಿಯಿತು.

ಒಮ್ಮೆ ಕಾರ್ಕಳದ ಅತ್ತೂರಿಗೂ ಅಜ್ಜಿ ಹೋಗಿ ಬಂದಿದ್ದಳು. 2016ರಲ್ಲಿ ಬೆಸಿಲಿಕಾ ಆದ ಆ ಚರ್ಚು ಇದೇ ಲಾರೆನ್ಸರದು. ಸಂತರ ದಿನ ಆಗಸ್ಟ್ 10; ಅತ್ತೂರಿನ ಜಾತ್ರೆ ಮಾತ್ರ ಜನವರಿಯಲ್ಲಿ. ಕರಾವಳಿಯ ಆಗಸ್ಟ್ ಮಳೆ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಸಂತರ ವಿಷಯದಲ್ಲಿ ಅವಳು ತಪ್ಪಿದ್ದೇ ಇಲ್ಲ. ಅಂತೋಣಪ್ಪ, ಜೋಸೆಫಪ್ಪ ಇಬ್ಬರ ಕೈಯಲ್ಲೂ ಲಿಲ್ಲಿ ಹೂವು, ಬಾಲ ಯೇಸು ಇದ್ದರೆ ನಾವು ಮಕ್ಕಳು ತಬ್ಬಿಬ್ಬು. ‘ಗಡ್ಡ ನೋಡೇ, ನೆತ್ತಿ ನೋಡೇ’ ಅನ್ನೋಳು. ಗಡ್ಡವಿದ್ದರೆ ಜೋಸೆಫಪ್ಪ, ನೆತ್ತಿ ಬೋಳಿಸಿ ಕಂದು ನಿಲುವಂಗಿ ತೊಟ್ಟಿದ್ದರೆ ಅಂತೋಣಪ್ಪ. ಕಾನ್ವೆಂಟ್ ಸೇರಿದ ಮೇಲೆ ನನಗೆ ಅಜ್ಜಿ ಹೆಬ್ಬೆಟ್ಟು ಅಂತ ಹೇಳಿಕೊಳ್ಳೋಕೆ ನಾಚಿಕೆ. ಒಂದು ಸಲ ಅವಳ ಪ್ರಾರ್ಥನೆ ಪುಸ್ತಕ ಕಿತ್ತುಕೊಂಡು ಜಂಬದಿಂದ ಓದಿದೆ. ಒಂದು ಪದ ಬಿಟ್ಟುಹೋಯಿತು. ಅಲ್ಲೇ ತಡೆದು ತಿದ್ದಿದಳು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಅವಳಿಗೆ ಪ್ರಾರ್ಥನೆ ಪೂರ್ತಿ ಬಾಯಿಗೆ ಬರುತ್ತಿತ್ತು.

ಲೊರೆನ್ಸ್ ಚರ್ಚಿನಿಂದ ವಾಪಸು ಬರುವಾಗ ಟ್ರೈನಿನಲ್ಲಿ ಮಗಳು ಫೋನ್ ತೆಗೆದು ನೋಡಿ, ‘ಅಮ್ಮಾ, ಜಾಲರಿ ಕಥೆ ಸುಳ್ಳಂತೆ’ ಅಂದಳು. ಧರ್ಮಸೇವಕರು ಸಿಕ್ಕಲ್ಲೇ ಕೊಲ್ಲಿ ಅಂತ ಚಕ್ರವರ್ತಿಯ ಆಜ್ಞೆ ಇತ್ತು, ಹಾಗಾಗಿ ತಲೆ ಕಡಿದಿರಬೇಕು ಅಂತ ಅನೇಕ ಇತಿಹಾಸಕಾರರ ಅಭಿಪ್ರಾಯ. ನನಗೂ ಇದು ಗೊತ್ತಿತ್ತು, ಮಕ್ಕಳಿಗೆ ಹೇಳಿರಲಿಲ್ಲ. ಸಿಕ್ಕಿಬಿದ್ದೆ. ‘ಇರಬಹುದು’ ಅಂದೆ. ‘ಮತ್ತೆ ಯಾಕೆ ಹೇಳಿಕೊಡ್ತೀಯಾ?’

ಜಾಲರಿ ಇಲ್ಲದಿದ್ದರೆ ಅವರನ್ನು ಗುರುತಿಸುವುದು ಹೇಗೆ ಅಂತ ಏನೋ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕಂದರೆ ನನಗೂ ಆಗಲಿಲ್ಲ. ಮುಂದಿನ ವಾರ ಏಳೂ ಮಕ್ಕಳಿಗೆ ಎರಡನ್ನೂ ಹೇಳಿದೆ: ಇತಿಹಾಸ ಇಷ್ಟು, ಜನ ಹೇಳಿಕೊಂಡು ಬಂದಿದ್ದು ಇಷ್ಟು. ಮೊದಲೇ ಹಾಗೆ ಹೇಳಬೇಕಿತ್ತು.

ಅಜ್ಜಿ ಹೋದ ಮೇಲೆ ಅವಳ ಪ್ರಾರ್ಥನೆ ಪುಸ್ತಕ ನನಗೆ ಬಂದಿತ್ತು. ಈಸ್ಟರ್ ಹತ್ತಿರ ಮಗಳು ಅದನ್ನು ತಿರುವಿ ಹಾಕುತ್ತಿದ್ದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಒಳಗಿಂದ ಮಾಸಿದ ಚಿತ್ರವೊಂದು ಜಾರಿಬಿತ್ತು.

‘ಲಾರೆನ್ಸ್!’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುತ್ತಜ್ಜಿಗೆ ಓದೋಕೆ ಬರ್ತಿರಲಿಲ್ಲ ಅಂದೆಯಲ್ಲ? ಇದು ಅವರದೇ ಚಿತ್ರ ಅಂತ ಹೇಗೆ ಗೊತ್ತಾಗ್ತಿತ್ತು?’

‘ನಿನಗೆ ಹೇಗೆ ಗೊತ್ತಾಯ್ತು?’ ಅಂದೆ.

ಚಿತ್ರ ತಿರುಗಿಸಿ, ಹಿಂದಿದ್ದ ಕನ್ನಡ ಸಾಲುಗಳ ಮೇಲೆ ಬೆರಳಿಟ್ಟು, ‘ಇದನ್ನ ಓದಿ ಹೇಳು, ನಿಧಾನಕ್ಕೆ’ ಅಂದಳು.