ಖಾನಾಪುರದ ದಾರಿ ಮತ್ತು ಪಿಕಪ್ಪಿನ ಕಮಾನು

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಚೈತ್ರ ವೈಶಾಖಗಳಲ್ಲಿ ಈ ದಾರಿಯು ಯಾರನ್ನೂ ಕಾಡುವುದಿಲ್ಲ. ಟಿಳಕವಾಡಿಯನ್ನು ಕಳೆದು, ಉದ್ಯಮಬಾಗದ ಎರಕದ ಕಾರಖಾನೆಗಳನ್ನು ಹಿಂದಕ್ಕೆ ಹಾಕಿ, ಪೀರಣವಾಡಿಯಲ್ಲಿ ಜಾಂಬೋಟಿಯ ಕವಲನ್ನು ಬಲಕ್ಕೆ ಬಿಟ್ಟು ಮಚ್ಛೆಯ ಕಡೆಗೆ ತಿರುಗಿದರೆ ಪಟ್ಟಣದ ಗದ್ದಲವು ತಾನಾಗಿಯೇ ಅಡಗುತ್ತದೆ. ಎರಡೂ ಬದಿಗೆ ಕೆಂಪು ಮಣ್ಣು, ಬತ್ತದ ಗದ್ದೆಗಳು, ಅಲ್ಲಲ್ಲಿ ಒಂದೊಂದು ಮಾವಿನ ಮರ. ಆದರೆ ಆಷಾಢದಲ್ಲಿ ಇದೇ ದಾರಿಯ ಸ್ವಭಾವವು ಬೇರೆ. ಬೆಳಗಾವಿಯಲ್ಲಿ ಜಿನುಗುತ್ತಿದ್ದ ಮಳೆಯು ಗಣೇಬೈಲನ್ನು ಮುಟ್ಟುವಷ್ಟರಲ್ಲಿ ಜಡಿಮಳೆಯಾಗಿರುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಈ ತಾಲೂಕಿನದೇ ಅಲ್ಲವೆ? 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆಗೆ ಬೇಕಾದ ನೀರು ಇಲ್ಲಿಯ ಆಕಾಶದಿಂದ ಇಳಿಯಲೇಬೇಕು.

ಹೀಗೆ ಇಳಿಯುವ ನೀರಿಗೂ ಸಂತೆಗೆ ಹೋಗುವ ಕಾಯಿಪಲ್ಯೆಗೂ ನಡುವೆ ಏನನ್ನು ಹೊದಿಸಬೇಕೆಂಬುದೇ ಈ ಲೇಖನದ ವಿಷಯ.

ನಮ್ಮ ತಮ್ಮನ ಮಗನು ಎರಡು ವರ್ಷಗಳ ಕೆಳಗೆ ಹಳೆಯದೊಂದು ಪಿಕಪ್ ವಾಹನವನ್ನು ಸಾಲದ ಮೇಲೆ ಕೊಂಡನು. ಮುಂದೆ ಇಬ್ಬರು ಮೂವರು ಕೂಡ್ರುವಷ್ಟು ಗೂಡು, ಹಿಂದೆ ತೆರೆದ ತೊಟ್ಟಿ. ಇಂಥ ವಾಹನಗಳನ್ನು ಈಗ ಪ್ರತಿ ಹಳ್ಳಿಯಲ್ಲಿಯೂ ಕಾಣಬಹುದು. ಬೆಳಗಾವಿಯ ಮಾರುಕಟ್ಟೆಯಲ್ಲಿ ನಸುಕಿನಲ್ಲಿ ಮಾಲನ್ನು ಹಿಡಿದು ಖಾನಾಪುರ, ನಂದಗಡ, ಹಲಸಿಗಳ ಕಡೆಗೆ ಒಯ್ಯುವುದು ಅವನ ಕಸಬು. ಮೊದಲ ಮಳೆಗಾಲದಲ್ಲಿ ಎಲ್ಲರಂತೆ ಅವನೂ ಚೀಲಗಳ ಮೇಲೆ ತಾಡಪತ್ರಿಯೊಂದನ್ನು ಬಿಗಿದು ಹಗ್ಗ ಕಟ್ಟಿದನು. ತಾಡಪತ್ರಿಯೆಂದರೆ ಸಂಸ್ಕೃತವನ್ನು ಓದಿದ ಕಿವಿಗೆ ತಾಳೆಯ ಗರಿಯೇ ಕೇಳಿಸುವುದು; ಹಿರಿಯರು ಗ್ರಂಥವನ್ನು ಬರೆದದ್ದೂ ಗುಡಿಸಲನ್ನು ಹೊದಿಸಿದ್ದೂ ಅದರಿಂದಲೇ. ಇಂದಿನದು ಪ್ಲಾಸ್ಟಿಕ್ಕಿನ ನೂಲಿನಿಂದ ನೆಯ್ದ ಹಾಳೆ. ಅದರಲ್ಲಿ ನೀರು ಇಳಿಯುವುದಿಲ್ಲವೆಂಬುದು ನಿಜ. ಆದರೆ ಇಳಿಯದ ನೀರು ನಿಲ್ಲುವುದು. ಚೀಲಗಳ ನಡುವೆ ತಗ್ಗಾದಲ್ಲೆಲ್ಲ ಮಡು ಕಟ್ಟುವುದು. ಒಂದು ಘನ ಅಡಿ ನೀರಿನ ತೂಕವು ಸುಮಾರು 28 ಕಿಲೋ. 4 ಅಡಿ ಉದ್ದ, 3 ಅಡಿ ಅಗಲದ ತಗ್ಗಿನಲ್ಲಿ ಸರಾಸರಿ 3 ಅಂಗುಲ ನೀರು ನಿಂತಿತೆಂದರೆ 84 ಕಿಲೋ ಭಾರವು ಟೊಮೆಟೊ ಹಣ್ಣಿನ ಮೇಲೆ ಕುಳಿತಂತಾಯಿತು! ತಿರುವಿನಲ್ಲಿ ಆ ನೀರೆಲ್ಲ ಒಮ್ಮೆಗೇ ಒಂದು ಮಗ್ಗುಲಿಗೆ ಹೊರಳಿ, ಹಗ್ಗದ ಕಡಿಯು ಹರಿದು, ಒಂದು ದಿನ ಉಳ್ಳಾಗಡ್ಡಿಯ ಚೀಲಗಳು ಪೂರಾ ತೊಯ್ದವು. ತೊಯ್ದ ಉಳ್ಳಾಗಡ್ಡಿಯನ್ನು ಕೊಳ್ಳುವವರಾರು? ಸಾಲದ ಕಂತಾದರೋ ಮಳೆಯೆಂದು ನಿಲ್ಲುವುದಿಲ್ಲ. ಎರಡು ತಿಂಗಳ ಕಂತು ಉಳಿಯಿತು. ಮನೆಯಲ್ಲಿ ಅವನ ತಾಯಿಯ ಬಳೆಗಳ ಮಾತು ಬಂದಿತು.

ಸಿದ್ಧವಾದ ತಗಡಿನ ಗೂಡನ್ನು ಕೂಡ್ರಿಸಲು ಕೇಳಿದ ಹಣವು ಅವನ ಶಕ್ತಿಯನ್ನು ಮೀರಿತ್ತು. “ದೊಡ್ಡಪ್ಪಾ, ನಾವಽ ಮಾಡೂಣು. ಲೆಕ್ಕಾ ನೀವು ಹಾಕ್ರಿ, ಕೆಲಸ ನಾ ಮಾಡ್ತೀನಿ,” ಎಂದನು. ಶಾಲೆಯಿಂದ ನಿವೃತ್ತರಾದವರಿಗೆ ಲೆಕ್ಕ ಹಾಕೆಂದು ಯಾರಾದರೂ ಕೇಳಿದರೆ ಆಗುವ ಸಂತೋಷವನ್ನು ವಾಚಕರು ಊಹಿಸಿಕೊಳ್ಳಬಹುದು.

ನೀರು ನಿಲ್ಲದಂತೆ ಮಾಡುವ ವಿದ್ಯೆಯು ಈ ನಾಡಿಗೆ ಹೊಸದಲ್ಲ. ಜಾತ್ರೆಗೆ ಹೋಗುವ ಕೊಲ್ಲಾರಿ ಬಂಡಿಯ ಮೇಲೆ ಬಿದಿರಿನ ಸೀಳುಗಳನ್ನು ಬಿಲ್ಲಿನಂತೆ ಬಗ್ಗಿಸಿ ತಟ್ಟಿಯನ್ನು ಹೊದಿಸುತ್ತಿದ್ದರು. ಮಲೆನಾಡಿನಲ್ಲಿ ನಾಟಿಗೆ ಬಗ್ಗುವ ಹೆಂಗಸರ ಬೆನ್ನ ಮೇಲಿನ ಗೊರಬೂ ಅದೇ ಆಕಾರದ್ದು. ಚಪ್ಪಟೆಯಾದ ಗೊರಬನ್ನು ಯಾರೂ ಕಂಡಿಲ್ಲ. ಎತ್ತು ಹೋಗಿ ಯಂತ್ರವು ಬಂದಾಗ ಬಂಡಿಯ ಕಮಾನು ಮಾತ್ರ ಏಕೆ ಹಿಂದುಳಿಯಿತೋ! ಇನ್ನು ಸಂಸ್ಕೃತಜ್ಞರಿಗೆ ಮುಚ್ಚಿದ ಬಂಡಿಯೆಂದೊಡನೆ ಶೂದ್ರಕನ ಮೃಚ್ಛಕಟಿಕವು ನೆನಪಿಗೆ ಬಾರದಿರದು. ಮೇಲೆ ಮರೆಯಿದ್ದುದರಿಂದಲೇ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನು ಚಾರುದತ್ತನ ಬಂಡಿಯಲ್ಲಿ ಅಡಗಿದನು. ವಸಂತಸೇನೆಯು ತಪ್ಪಿ ಬೇರೆ ಬಂಡಿಯನ್ನು ಏರಿದಳು. ಮರೆಯಿರುವ ಬಂಡಿಯು ಮನುಷ್ಯನನ್ನು ಒಳಗೆ ಕರೆಯುತ್ತದೆ. ಈ ಮಾತಿಗೆ ಮುಂದೆ ಬರುವೆವು.

ತೊಟ್ಟಿಯನ್ನು ಅಳೆದಾಗ ಉದ್ದ 9 ಅಡಿ, ಅಗಲ ಐದೂವರೆ ಅಡಿ ಇದ್ದಿತು. ಕಮಾನು ನಡುವೆ 1 ಅಡಿ ಏರಿರಬೇಕೆಂದು ನಿಶ್ಚಯಿಸಿದೆವು. ಅದನ್ನು ಯಾವ ವೃತ್ತದಿಂದ ಕತ್ತರಿಸಬೇಕು? ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಇದಕ್ಕೆ ಸೂತ್ರವುಂಟು. ಕಮಾನು ಚಾಪ, ಅದರ ಅಡಿಯ ಅಗಲವು ಜ್ಯಾ, ನಡುವಿನ ಏರು ಶರ. ಬಿಲ್ಲು, ಹೆದೆ, ಬಾಣ. ಅರ್ಧ ಜ್ಯಾದ ವರ್ಗವನ್ನು ಶರದಿಂದ ಭಾಗಿಸಿ, ಬಂದುದಕ್ಕೆ ಶರವನ್ನು ಕೂಡಿಸಿದರೆ ವೃತ್ತದ ವ್ಯಾಸವು ದೊರೆಯುವುದು. ಎರಡೂಮುಕ್ಕಾಲರ ವರ್ಗವು ಸುಮಾರು ಏಳೂವರೆ. ಅದಕ್ಕೆ ಒಂದು ಕೂಡಿಸಿದರೆ ವ್ಯಾಸವು ಎಂಟೂವರೆ ಅಡಿಗೆ ತುಸು ಹೆಚ್ಚು. ಅಂಗಳದಲ್ಲಿ ಗೂಟವನ್ನು ನೆಟ್ಟು, 4 ಅಡಿ 3 ಅಂಗುಲದ ಹಗ್ಗದಿಂದ ಸುಣ್ಣದ ಗೆರೆಯನ್ನು ಎಳೆದೆವು. 1150ರಲ್ಲಿ ರಚಿತವಾದ ಗ್ರಂಥವು ಕೋಸಿನ ಗಾಡಿಗೆ ಒದಗಿತೆಂದು ನಾವು ಹಿಗ್ಗಿದ್ದು ಸುಳ್ಳಲ್ಲ. ಹುಡುಗನಿಗೆ ಮಾತ್ರ ಪೈಪಿನ ಧಾರಣೆಯ ಚಿಂತೆ.

ಈ ಚಾಪದ ಉದ್ದವು 6 ಅಡಿ. ಎರಡೂ ಮಗ್ಗುಲಿಗೆ ಮೂರು ಮೂರು ಅಡಿಯ ನೆಟ್ಟನೆಯ ಕಾಲುಗಳು, ಹಲಗೆಯ ಕೆಳಗೆ ಒಂದೊಂದು ಅಡಿ ಇಳಿಬಿಡಲು ಬಟ್ಟೆ, ಒಟ್ಟು 14. ಉದ್ದಕ್ಕೆ 9 ಅಡಿ, ಮುಂದಿನ ಹಿಂದಿನ ಪರದೆಗಳಿಗೆ ನಾಲ್ಕೂವರೆಯಂತೆ 9 ಅಡಿ, ಒಟ್ಟು 18. ಹೀಗೆ 15ಕ್ಕೆ 18 ಅಡಿಯ ತಾಡಪತ್ರಿಯೊಂದನ್ನು ಕೊಂಡರೆ ಕತ್ತರಿಯ ಕೆಲಸವೇ ಇಲ್ಲ. ದಪ್ಪವಾದುದನ್ನೇ ಆರಿಸತಕ್ಕದ್ದು. ತೆಳುವಾದುದು ಒಂದು ಮಳೆಗಾಲದ ಗಾಳಿಯನ್ನೂ ತಾಳದು.

ಕಮಾನುಗಳಿಗೆ ಕಬ್ಬಿಣದ ಪೈಪು. ಉದ್ಯಮಬಾಗದ ಹತ್ತಿರದ ಬೆಸುಗೆಯವನು ನಮ್ಮ ಸುಣ್ಣದ ಗೆರೆಯಿಂದ ತೆಗೆದ ಕಾಗದದ ಅಚ್ಚಿನ ಮೇಲಿಟ್ಟು ಐದು ಕಮಾನುಗಳನ್ನು ಬಗ್ಗಿಸಿದನು. ಐದು ಕಮಾನಿಗೆ ನಡುವೆ ನಾಲ್ಕು ತೆರಪು, ಒಂದೊಂದಕ್ಕೆ ಎರಡೂಕಾಲು ಅಡಿ. ಇದಕ್ಕಿಂತ ದೂರವಾದರೆ ಕಮಾನುಗಳ ನಡುವೆ ಬಟ್ಟೆಯು ಜೋತು ಮತ್ತೆ ಮಡುವಾಗುವುದು. ಉದ್ದನೆಯ ಅಡ್ಡೆಗಳಿಗೆ ಮಾತ್ರ ಬಿದಿರನ್ನು ಬಳಸಿದೆವು. ಮೇದಾರನು ಗಣ್ಣುಗಳನ್ನು ಕೆತ್ತಿ ನುಣುಪು ಮಾಡಿಕೊಟ್ಟನು; ಗಣ್ಣೊಂದು ಒರಟಾಗಿ ಉಳಿದರೆ ನೂರು ಮೈಲಿನಲ್ಲಿ ತಾಡಪತ್ರಿಗೆ ತೂತು ಬೀಳುವುದಂತೆ. ಪೈಪಿಗೂ ಬಟ್ಟೆಗೂ ತಿಕ್ಕಾಟವಾಗುವಲ್ಲೆಲ್ಲ ಸೈಕಲ್ಲಿನ ಹಳೆಯ ಟ್ಯೂಬನ್ನು ಸುತ್ತಿದೆವು. ಇದು ಹುಡುಗನ ಬುದ್ಧಿ, ಲೀಲಾವತಿಯಲ್ಲಿಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವಾಹನವು ಭಿನ್ನವಾಗುವಂತೆ ಮಾರ್ಪಡಿಸಕೂಡದು. ಆದ್ದರಿಂದ ಕಮಾನುಗಳನ್ನು ವಾಹನಕ್ಕೆ ಬೆಸೆಯದೆ, ಹಲಗೆಯ ಬದಿಯ ಗೂಡುಗಳಲ್ಲಿ ನಿಲ್ಲಿಸಿ ಕೀಲು ಹಾಕಿದೆವು. ಅರ್ಧ ತಾಸಿನಲ್ಲಿ ಎಲ್ಲವನ್ನೂ ಕಳಚಬಹುದು. ಸ್ಥಿರವಾದ ಗೂಡನ್ನು ಕಟ್ಟಿಸಬೇಕೆನ್ನುವವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಹಿಂದಿನ ಪರದೆಯು ದೀಪಗಳನ್ನೂ ಅಂಕಿಯ ಫಲಕವನ್ನೂ ಮುಚ್ಚದಂತೆ ನೋಡಿಕೊಳ್ಳಬೇಕು.

ಆಷಾಢದ ಒಂದು ಮುಂಜಾವು ಹುಡುಗನೊಡನೆ ಹೊರಟೆವು. ಮಚ್ಛೆಯಲ್ಲಿಯೇ ಮಳೆ ಹಿಡಿಯಿತು. ಪ್ರಭುನಗರದ ಹತ್ತಿರ ನಿಲ್ಲಿಸಿ ಒಳಗೆ ನೋಡಿದರೆ ಮೇಲಿನಿಂದ ಹನಿಯೂ ಇಲ್ಲ; ಆದರೆ ಹಿಂದಿನ ಸಾಲಿನ ಬುಟ್ಟಿಗಳ ಮೇಲೆ ಕೆಸರಿನ ತುಂತುರು. ಓಡುವ ವಾಹನದ ಬೆನ್ನಿಗೆ ಗಾಳಿಯು ಸುಳಿಯಾಗಿ ತಿರುಗಿ, ಗಾಲಿಯೆಬ್ಬಿಸಿದ ನೀರನ್ನು ಒಳಕ್ಕೆ ಎಳೆಯುವುದು. ಪರದೆಯನ್ನು ಪೂರ್ತಿ ಇಳಿಸಿದರೆ ಇನ್ನೊಂದು ತೊಂದರೆ: ಕಾಯಿಪಲ್ಯೆಯೂ ಉಸಿರಾಡುವ ಪದಾರ್ಥ, ಮುಚ್ಚಿಟ್ಟರೆ ಬೆವರಿ ಕೊಳೆಯುವುದು. ಹುಡುಗನು ಪರದೆಯ ಕೆಳಗಿನ ಪಾಲನ್ನು ಬಿಗಿದು, ಮೇಲೆ ಗೇಣುದ್ದ ತೆರೆದಿಟ್ಟನು. ಮುಂದೆಯೂ ಗೂಡಿನ ಹಿಂಬದಿಗೆ ಅಷ್ಟೇ ಸಂದು. ಬೆಚ್ಚಗಿನ ಗಾಳಿಯು ಮೇಲಿನಿಂದಲೇ ಹೊರಟುಹೋಯಿತು.

ಗಣೇಬೈಲಿನ ಈಚೆಗೆ ನಾಟಿಗೆ ಹೊರಟ ಏಳೆಂಟು ಹೆಂಗಸರು ರಸ್ತೆಯ ಅಂಚಿನಲ್ಲಿ ನೆನೆಯುತ್ತ ನಡೆದಿದ್ದರು. ಅವರಲ್ಲಿ ಹಿರಿಯಳೊಬ್ಬಳು ಕೈ ಮಾಡಿ ನಿಲ್ಲಿಸಿದಳು. “ಮನಿ ಹಂಗ ಛಾವಣಿ ಮಾಡಿಸೀಯಲ್ಲ ತಮ್ಮಾ, ಹಿಂದ ನಾವಿಷ್ಟ ಮಂದಿ ಕುಂದ್ರತೀವಿ.” ನಾವು ಹೇಳಿದ ಮೃಚ್ಛಕಟಿಕದ ಮಾತು ಇದೇ. ತೆರೆದ ತೊಟ್ಟಿಯಾಗಿದ್ದರೆ ಅವಳು ಕೇಳುತ್ತಿದ್ದಳೋ ಇಲ್ಲವೋ. ಕಮಾನು ಇದ್ದುದರಿಂದ ಕೇಳಿದಳು. ಸರಕಿನ ವಾಹನದಲ್ಲಿ ಜನರನ್ನು ತುಂಬುವುದು ಕಾಯಿದೆಗೆ ವಿರುದ್ಧ. ಸುಮ್ಮನೆ ಹತ್ತಿಸಿಕೊಂಡವರಿಗೆ ಅಪಘಾತವಾದರೆ ವಿಮೆಯು ಹೊಣೆಯಾಗದೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಮಾನಿಸಿದೆ. ಪೈಪೂ ಬಟ್ಟೆಯೂ ಮಳೆಯನ್ನು ತಡೆದಾವು; ವಾಹನವು ಉರುಳಿದರೆ ಒಬ್ಬರನ್ನೂ ತಡೆಯಲಾರವು. ಹೊರಗಿನಿಂದ ನೋಡುವವರಿಗೆ ಒಳಗೆ ಜನರಿರುವುದೂ ಕಾಣದು. ಇದೆಲ್ಲ ಸತ್ಯ. ಆದರೂ ನೆನೆಯುತ್ತಿರುವ ಮುದುಕಿಯ ಮುಂದೆ ಕಲಮಿನ ಅಂಕಿಯನ್ನು ಹೇಳಲು ನಾಲಗೆ ಏಳಲಿಲ್ಲ. ಹುಡುಗನೇ ಕೆಳಗಿಳಿದನು.

“ಆಯೀ, ಮಂದೀನ ಕೂಡ್ರಸೂದಿಲ್ಲ. ಏನರ ಆದ್ರ ನಿನ್ನ ಮಕ್ಕಳಿಗೆ ಏನ್ ಹೇಳ್ಲಿ? ಬುತ್ತಿ ಕೊಡ್ರಿ, ಒಯ್ತೀನಿ.”

“ಕೋಸಿಗೆ ಜಾಗಾ ಐತಿ, ನಮಗಿಲ್ಲ,” ಎಂದು ಒಬ್ಬ ಎಳೆಯಳು ಅಂದಳು. ಅವನು ಮಾತಾಡಲಿಲ್ಲ. ಮುದುಕಿಯು ಅವನ ಮುಖವನ್ನು ತುಸು ಹೊತ್ತು ನೋಡಿ, ತನ್ನ ಗಂಟನ್ನು ಮೊದಲು ಕೊಟ್ಟಳು, ಉಳಿದವರೂ ಕೊಟ್ಟರು. ಗದ್ದೆಯು ಅಲ್ಲಿಂದ ಒಂದೂವರೆ ಕಿಲೋಮೀಟರು. ಅದರ ಬದುವಿನ ಬಳಿ ಮಾವಿನ ಮರದ ಕೆಳಗೆ ವಾಹನವನ್ನು ನಿಲ್ಲಿಸಿ ಕಾದೆವು. ಖಾನಾಪುರದ ವ್ಯಾಪಾರಿಯಿಂದ ಎರಡು ಸಲ ದೂರವಾಣಿಯ ಕರೆ ಬಂದಿತು. ಹುಡುಗನು “ಬಂದೆ, ಬಂದೆ” ಎನ್ನುತ್ತ ಅಲ್ಲಿಯೇ ನಿಂತನು. ಹೆಂಗಸರು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಗಂಟುಗಳನ್ನು ಒಂದೊಂದಾಗಿ ಇಳಿಸಿದಾಗ ಆ ಎಳೆಯಳು ತನ್ನದನ್ನು ಅಲ್ಲಿಯೇ ಬಿಚ್ಚಿ ರೊಟ್ಟಿಯನ್ನು ಮುಟ್ಟಿ ನೋಡಿದಳು. ಒಣಗಿಯೇ ಇದ್ದಿತು. ಹುಡುಗನು ಪರದೆಯ ಹಗ್ಗವನ್ನು ಬಿಗಿದನು. ಮಾಲು ತಡವಾಗಿದ್ದುದರಿಂದ ಮುಂದೆ ಎಲ್ಲಿಯೂ ನಿಲ್ಲದೆ ಖಾನಾಪುರವನ್ನು ಸೇರಿದೆವು.