ಕೋವಿ ಮತ್ತು ಕ್ಯಾಮೆರಾ

ಮಲೆನಾಡಿನ ತೋಟದ ಮನೆಗಳಲ್ಲಿ ಪರವಾನಗಿಯ ಕೋವಿ ಇರುವುದು ಹೊಸತೇನಲ್ಲ. ಮಾಂಸಾಹಾರದ ರೂಢಿಯಿಲ್ಲದ ನಮ್ಮ ಮನೆಯಲ್ಲೂ ಒಂದಿತ್ತು. ಕಾಡುಹಂದಿ, ಮಂಗಗಳನ್ನು ಬೆದರಿಸಲು ನಮ್ಮ ತಂದೆಯವರು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಒಮ್ಮೆ ನನ್ನ ಕೈಗೂ ಕೊಟ್ಟಿದ್ದರು. ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ಬೆರಳನ್ನು ಮೆಲ್ಲನೆ ಒತ್ತುವ ಆ ಕ್ಷಣದ ಸುಖವನ್ನು ಅಲ್ಲಗಳೆಯಲಾರೆ.

ವಿದ್ಯಾನಗರಕ್ಕೆ ಬಂದು ನೆಲೆಸಿ ಛಾಯಾಗ್ರಹಣದ ಹವ್ಯಾಸ ಹಿಡಿದಾಗ ಅದೇ ಸುಖ ಮರಳಿ ದೊರೆಯಿತು. ಹವ್ಯಾಸಿ ಗೆಳೆಯರು ಸೇರಿದಾಗಲೆಲ್ಲ ಇದೇ ಚರ್ಚೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿದ ಮೇಲೆ ಕ್ಯಾಮೆರಾವೇ ಸಭ್ಯರ ಕೋವಿ ಎಂದು ಒಬ್ಬರೆಂದರೆ, ಕೋವಿ ಹಿಡಿದು ಕಾಡು ಸುತ್ತಿದ ಪೂರ್ಣಚಂದ್ರ ತೇಜಸ್ವಿಯವರೇ (1938–2007) ಮುಂದೆ ಹಕ್ಕಿಗಳ ಚಿತ್ರಕ್ಕಾಗಿ ಗಂಟೆಗಟ್ಟಲೆ ಕಾದು ಕುಳಿತರೆಂದು ಇನ್ನೊಬ್ಬರು ನೆನೆಯುತ್ತಾರೆ. ಕೋವಿಯ ಆನಂದ ಸದ್ದಿನೊಡನೆ ಮುಗಿಯುತ್ತದೆ, ಕ್ಯಾಮೆರಾದ್ದು ಅಲ್ಲಿಂದ ಆರಂಭ. ಹಕ್ಕಿಯೂ ಉಳಿಯುತ್ತದೆ ಎಂಬುದು ನನ್ನ ವಾದವಾಗಿತ್ತು.

ಒಂದು ವರ್ಷ ಮುಂಗಾರಿಗೆ ಮುನ್ನ ನಮ್ಮ ಕಾಂಪೌಂಡಿನ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತು. ಮರಿಗಳ ಮೇಲೆ ಬೆಳಕು ಬೀಳಲೆಂದು, ಅಡ್ಡವಿದ್ದ ಎರಡು ರೆಂಬೆಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿದೆ. ಚಿತ್ರ ಬಲು ಸೊಗಸಾಗಿ ಬಂತು. ದಾರ ಬಿಚ್ಚಲು ಮರೆತೆ. ಮರುದಿನ ಬೆಳಗ್ಗೆ ನೋಡಿದರೆ, ಕಾಗೆಗಳು ಗೂಡನ್ನು ಬರಿದು ಮಾಡಿದ್ದವು.

“ನಿಮ್ಮ ಅಪ್ಪಾಜಿ ಆ ಕೋವಿಯಿಂದ ಒಂದು ಗುಬ್ಬಿಯನ್ನೂ ಕೊಂದವರಲ್ಲ” ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋದರು.

ಮಂಡಗದ್ದೆಗೆ ಈಗಲೂ ಹೋಗುತ್ತೇನೆ. ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳ ಚಿತ್ರವನ್ನು ರಸ್ತೆಯ ಬದಿಯಿಂದಲೇ ತೆಗೆಯುತ್ತೇನೆ. ಚಿಕ್ಕದಾಗಿ ಬರುತ್ತವೆ.