ನೂರಿಪ್ಪತ್ತಕ್ಕೆ ಏಳುವ ರೆಕ್ಕೆ

ಗಂಟೆಗೆ 120 ಕಿಲೋಮೀಟರ್ ವೇಗ ಮುಟ್ಟಿದಾಗ ಮಾತ್ರ ತಾನಾಗಿಯೇ ಏಳುವ ಒಂದು ರೆಕ್ಕೆ. ಅದು ಇರೋದು ಒಂದು ಸ್ಪೋರ್ಟ್ಸ್ ಕಾರಿನ ಹಿಂಭಾಗದಲ್ಲಿ. ಆ ಕಾರು ಬಂದು ನಿಂತಿದ್ದು ಬೊಮ್ಮನಹಳ್ಳಿಯಲ್ಲಿ. ಈ ಮೂರು ವಾಕ್ಯ ಒಟ್ಟಿಗೆ ಓದಿದ್ರೆ ನಮ್ಮ ಕ್ಯಾಂಪಸ್ಸಿನ ಯಾರಿಗಾದ್ರೂ ನಗು ಬರುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಹೊಸೂರು ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆ ಹೊರಟವರಿಗೆ ಸ್ಪೀಡೋಮೀಟರ್ ಮುಳ್ಳು 20 ದಾಟಿದ್ರೆ ಹಬ್ಬ. 2010ರಲ್ಲಿ ಮೇಲ್ಸೇತುವೆ ಬಂತು, 2025ರ ಆಗಸ್ಟಲ್ಲಿ ಹಳದಿ ಮಾರ್ಗದ ಮೆಟ್ರೋನೂ ಬಂತು. ಕೆಳಗಿನ ರಸ್ತೆ ಮಾತ್ರ ತನ್ನ ಪಾಡಿಗೆ ತಾನು ತೆವಳ್ತಾನೇ ಇದೆ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಜನ, ಇಬ್ಬರು ಮೆಕ್ಯಾನಿಕಲ್, ಒಬ್ಬ ಇ.ಸಿ., ಬೇಗೂರು ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯ ಗ್ಯಾರೇಜಿನಲ್ಲಿ ಒಂದು ತಿಂಗಳು ಕೆಲಸ ಕಲಿತ್ವಿ. ಗ್ಯಾರೇಜಿನ ಯಜಮಾನರನ್ನ ಇಡೀ ಗಲ್ಲಿಯೇ ಭಾಯ್ ಅಂತ ಕರೆಯುತ್ತೆ. ನಾವೂ ಹಾಗೇ ಕರೆದ್ವಿ. ತಗಡಿನ ಶೆಡ್ಡು, ಎರಡು ಕಾರು ನಿಲ್ಲೋಷ್ಟು ಜಾಗ, ಪಕ್ಕದಲ್ಲಿ ಒಂದು ಲೇತ್ ಅಂಗಡಿ, ಎದುರಿಗೆ ಟೀ ಅಂಗಡಿ. ಅಲ್ಲಿಗೆ ಬರೋದು ಹೆಚ್ಚಾಗಿ ಹಳೇ ಸಣ್ಣ ಕಾರು, ಕ್ಯಾಬು, ಗೂಡ್ಸ್ ಗಾಡಿ. ಆ ಜರ್ಮನ್ ಎರಡು ಸೀಟಿನ ಕಾರು ಬಂದು ನಿಂತಾಗ ಟೀ ಅಂಗಡಿಯವರೂ ಎದ್ದು ಬಂದು ನೋಡಿದ್ರು.

ಕಾಯಿಲೆ ಏನಂದ್ರೆ, ಒಳಗಿನ ಬಟನ್ ಒತ್ತಿದ್ರೆ ಹಿಂದೆ ಮೋಟಾರ್ ಸದ್ದು ಬರುತ್ತೆ, ಸ್ಪಾಯ್ಲರಿನ ಬಲಗಡೆ ಎರಡು ಬೆರಳಿನಷ್ಟು ಏಳುತ್ತೆ, ಎಡಗಡೆ ಅಲ್ಲಾಡಲ್ಲ. ಸೊಟ್ಟಗೆ ನಿಂತು ಕೈಕೊಡುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತೆ. ಕಾರಿನ ಮಾಲೀಕರು ಬೇರೊಂದು ಕಡೆ ತೋರಿಸಿ ಬಂದಿದ್ರು. ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು, ಹೊರದೇಶದಿಂದ ತರಿಸಬೇಕು, ಒಂದೂವರೆ ಲಕ್ಷ ಆಗುತ್ತೆ, ಎರಡು ತಿಂಗಳು ಕಾಯಬೇಕು ಅಂದಿದ್ರಂತೆ. ಇವರ ಹತ್ರ ಎರಡು ತಿಂಗಳು ಇರಲಿಲ್ಲ. ಮಗಳ ಕಾಲೇಜು ಫೀಸಿಗೆ ಅಂತ ಕಾರು ಮಾರ್ತಾ ಇದ್ರು, ಕೊಳ್ಳೋರು ಭಾನುವಾರ ನೋಡೋಕೆ ಬರೋರಿದ್ರು. ಅವತ್ತು ಗುರುವಾರ.

"ಭಾಯ್, ರಿಪೇರಿ ಗಿಪೇರಿ ಬೇಡ. ಆ ಲೈಟ್ ಒಂದು ಆರಿಸಿ ಕೊಟ್ಬಿಡಿ ಸಾಕು. ಬೆಂಗಳೂರಲ್ಲಿ ನೂರಿಪ್ಪತ್ತು ಯಾರು ಹೋಗ್ತಾರೆ ಹೇಳಿ?"

ಭಾಯ್ ನಮ್ಮ ಇ.ಸಿ. ಗೆಳೆಯನ ಮುಖ ನೋಡಿದ್ರು. "ಆಗುತ್ತಾ ಇಂಜಿನಿಯರ್ ಸಾಹೇಬ್ರೆ?"

ಆಗುತ್ತೆ. ಹೇಗೆ ಅಂತ ಅವನು ಅಲ್ಲೇ ವಿವರಿಸಿದ. ಸ್ಪಾಯ್ಲರ್ ನಡೆಸೋ ಕಂಟ್ರೋಲ್ ಯೂನಿಟ್ಟಿಗೆ ಕಣ್ಣಿಲ್ಲ. ರೆಕ್ಕೆ ಕೆಳಗಿದ್ಯಾ, ಮೇಲಿದ್ಯಾ ಅಂತ ಅದಕ್ಕೆ ಹೇಳೋದು ಎರಡು ಸಣ್ಣ ಮೈಕ್ರೋಸ್ವಿಚ್. ಆ ಸ್ವಿಚ್ಚಿನ ಬದಲು ನಾವೇ ಸುಳ್ಳು ಸಿಗ್ನಲ್ ಕೊಟ್ರೆ ಅದು ನಂಬುತ್ತೆ, ದೀಪ ಆರುತ್ತೆ. ಅರ್ಧ ದಿನದ ಕೆಲಸವೂ ಅಲ್ಲ. ಆದ್ರೆ ಆಮೇಲೆ ರೆಕ್ಕೆ ಕೆಳಗೇ ಇದ್ರೂ ಕಾರು 'ಮೇಲಿದೆ' ಅನ್ನುತ್ತೆ. ಓಡಿಸೋರು ಅದನ್ನೇ ನಂಬ್ತಾರೆ.

"ಹಂಗಾದ್ರೆ ಕೊಂಡುಕೊಂಡೋರಿಗೆ ಹೇಳೋರು ಯಾರು?" ಅಂತ ಭಾಯ್ ಕೇಳಿದ್ರು. ಮಾಲೀಕರು ಮಾತಾಡ್ಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸಿ, ಆ ರೆಕ್ಕೆಗೆ ಯಾಕಿಷ್ಟು ಮಹತ್ವ ಅಂತ ಹೇಳಿಬಿಡ್ತೀವಿ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ರೆ ನೋಡಿರ್ತೀರ. ಚಕ್ರ ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಮೇಲೆ ಹಲಗೆಗಳು ಸಟ್ಟನೆ ಎದ್ದು ನಿಲ್ತವೆ. ಅವೇ ಸ್ಪಾಯ್ಲರ್. ಗಾಳಿಯ ಹರಿವನ್ನ ಕೆಡಿಸಿ, ವಿಮಾನವನ್ನ ಮೇಲೆತ್ತುವ ಬಲ ಕಳೆದು, ಭಾರವನ್ನ ಚಕ್ರದ ಮೇಲೆ ಕೂರಿಸೋದು ಅವುಗಳ ಕೆಲಸ. ಕಾರಿನಲ್ಲೂ ಕಥೆ ಅದೇ. ಇಳಿಜಾರು ಬೆನ್ನಿನ ಕಾರಿನ ಮೇಲೆ ಗಾಳಿ ವೇಗವಾಗಿ ಹರಿದು ಹಿಂಭಾಗದಲ್ಲಿ ಒತ್ತಡ ಇಳಿಯುತ್ತೆ. ಕಾರಿನ ಹಿಂಬದಿ ಹಗುರಾಗುತ್ತೆ, ಟೈರಿನ ಹಿಡಿತ ಸಡಿಲ ಆಗುತ್ತೆ. ಈ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಬೆಳೆಯೋದು. 60ರಿಂದ 120ಕ್ಕೆ ಹೋದ್ರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೇ ನಿಧಾನವಾಗಿ ಹೋಗುವಾಗ ರೆಕ್ಕೆ ಬೇಕಿಲ್ಲ, ವೇಗದಲ್ಲಿ ಬೇಕೇ ಬೇಕು.

ಏಳೋ ರೆಕ್ಕೆ ಹೊಸದೇನಲ್ಲ. ಫೋಕ್ಸ್‌ವ್ಯಾಗನ್ ಕೊರಾಡೊ 1988ರಲ್ಲೇ ಅದನ್ನ ಹೊತ್ತು ಬಂತು. ಮರುವರ್ಷ ಪೋರ್ಶೆ 911ರ 964 ಮಾದರಿ ಬಂತು, ಅದರಲ್ಲಿ 80 ಕಿ.ಮೀ.ಗೇ ರೆಕ್ಕೆ ಏಳ್ತಿತ್ತು. ಆದ್ರೆ ಪಾಠ ಕಲಿಸಿದ್ದು ಆಡಿ ಟಿಟಿ. 1998ರಲ್ಲಿ ಬಂದಾಗ ಅದಕ್ಕೆ ಸ್ಪಾಯ್ಲರೇ ಇರಲಿಲ್ಲ. ದುಂಡಗಿನ ಬೆನ್ನು, ನೋಡೋಕೆ ಬಲು ಚೆಂದ. ಜರ್ಮನಿಯ ಹೆದ್ದಾರಿಗಳಲ್ಲಿ 180 ಕಿ.ಮೀ. ಮೀರಿದ ವೇಗದಲ್ಲಿ ತಟ್ಟನೆ ಲೇನ್ ಬದಲಿಸಿದಾಗ, ತಿರುವು ತೆಗೆದುಕೊಂಡಾಗ ಹಿಂಬದಿ ಜಾರಿ ಅಪಘಾತ ಆದವು, ಜೀವ ಹೋದವು. ಆಮೇಲೆ ಕಂಪನಿ ಮಾರಿದ ಕಾರುಗಳನ್ನ ವಾಪಸ್ ಕರೆಸಿ ಹಿಂದೆ ಒಂದು ಸ್ಥಿರ ಸ್ಪಾಯ್ಲರ್ ಕೂರಿಸಿತು, ಸಸ್ಪೆನ್ಷನ್ ತಿದ್ದಿತು, ಜಾರುವುದನ್ನ ತಡೆಯೋ ಇ.ಎಸ್.ಪಿ. ಸೇರಿಸಿತು. 2006ರ ಎರಡನೇ ಪೀಳಿಗೆಯ ಟಿಟಿಯಲ್ಲಿ ಸುಮಾರು 120ಕ್ಕೆ ಏಳುವ, 80ಕ್ಕೆ ಇಳಿಯುವ ರೆಕ್ಕೆಯನ್ನೇ ಇಟ್ಟರು.

120ಕ್ಕೆ ಎದ್ದಿದ್ದು 80ರ ತನಕ ಯಾಕೆ ಇಳಿಯಲ್ಲ ಅಂತ ಕೇಳ್ತೀರಾ? ಎರಡಕ್ಕೂ ಒಂದೇ ಅಂಕಿ ಇಟ್ಟಿದ್ರೆ 119, 121 ನಡುವೆ ಓಡುವಾಗ ರೆಕ್ಕೆ ಏಳೋದು ಇಳಿಯೋದು ಮಾಡ್ತಾ ಮೋಟಾರ್ ಸುಟ್ಟುಹೋಗ್ತಿತ್ತು. ನಮ್ಮ ಪಿ.ಜಿ. ಮೇಲಿನ ನೀರಿನ ಟ್ಯಾಂಕಿನ ಆಟೋಮ್ಯಾಟಿಕ್ ಸ್ವಿಚ್ ನೆನಪು ಮಾಡ್ಕೊಳ್ಳಿ. ತಳ ಮುಟ್ಟೋಕೆ ಬಂದಾಗ ಮೋಟಾರ್ ಶುರು, ತುಂಬಿದಾಗಲೇ ಬಂದ್. ಲ್ಯಾಬಿನಲ್ಲಿ ಶ್ಮಿಟ್ ಟ್ರಿಗರ್ ಅಂತ ಕಲಿತಿದ್ದು ಇದನ್ನೇ.

ಸರಿ, ಬೆಂಗಳೂರಲ್ಲಿ 120 ಯಾರು ಹೋಗ್ತಾರೆ ಅನ್ನೋ ಪ್ರಶ್ನೆಗೆ ಬರೋಣ. ಹೋಗಬಾರದು ಅನ್ನೋದೇ ಕಾನೂನು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಕಾರಿಗೆ 100ರ ಮಿತಿ ಇದೆ. 2018ರ ಕೇಂದ್ರದ ಅಧಿಸೂಚನೆ ಎಕ್ಸ್‌ಪ್ರೆಸ್‌ವೇಗಳಲ್ಲಿ ಹೆಚ್ಚೆಂದರೆ 120 ಅಂತ ನಿಗದಿ ಮಾಡಿತ್ತು. ಆದ್ರೆ ಕಾರು ಮಾರಿ ಹೋಗ್ತಾ ಇದೆ. ನಾಳೆ ಅದರಲ್ಲಿ ಕೂರೋರು ಯಾರು, ಯಾವ ರಸ್ತೆಗೆ ಒಯ್ತಾರೆ ಅಂತ ಯಾರಿಗೆ ಗೊತ್ತು? ಗೊತ್ತಿಲ್ಲದ ಆ ಮನುಷ್ಯನ ಪರವಾಗಿ ಮಾತಾಡೋಕೆ ಶೆಡ್ಡಿನಲ್ಲಿ ಆಗ ಇದ್ದದ್ದು ಭಾಯ್ ಒಬ್ಬರೇ. ಮಾತಾಡಿದ್ರೆ ಗಿರಾಕಿ ಕೈತಪ್ಪೋ ಹಾಗಿತ್ತು, ಶೆಡ್ಡಿನ ಬಾಡಿಗೆ ಬೇರೆ ಬಾಕಿ ಇತ್ತು.

"ಸಾರ್, ಲೈಟ್ ಆರಿಸಿದ್ರೆ ಕಾಯಿಲೆ ವಾಸಿ ಆಗಲ್ಲ. ಎರಡು ದಿನ ಕೊಡಿ. ಸರಿ ಹೋದ್ರೆ ದುಡ್ಡು ಕೊಡಿ. ಇಲ್ಲಾಂದ್ರೆ ಒಂದು ರೂಪಾಯಿ ಬೇಡ, ಹೆಂಗಿತ್ತೋ ಹಂಗೇ ಜೋಡಿಸಿ ಕೊಡ್ತೀನಿ."

ಮಾಲೀಕರು ಗೊಣಗ್ತಾನೇ ಕೀ ಕೊಟ್ಟು ಹೋದ್ರು.

ಡಿಕ್ಕಿ ಬಾಗಿಲಿನ ಒಳಹೊದಿಕೆ ಬಿಚ್ಚಿದಾಗ ಅದರ ರಚನೆ ಕಂಡ್ತು. ನಡುವೆ ಒಂದು 12 ವೋಲ್ಟಿನ ಮೋಟಾರು. ಅದರಿಂದ ಎಡಕ್ಕೊಂದು ಬಲಕ್ಕೊಂದು ಬಾಗುವ ಕೇಬಲ್. ಒಂದೊಂದು ಕೇಬಲ್ಲಿನ ತುದಿಗೂ ಒಂದೊಂದು ಪುಟ್ಟ ಜ್ಯಾಕು. ಕೇಬಲ್ ತಿರುಗಿದ್ರೆ ಜ್ಯಾಕಿನ ಒಳಗಿನ ಸ್ಕ್ರೂ ತಿರುಗಿ ರೆಕ್ಕೆಯನ್ನ ಎತ್ತುತ್ತೆ. ಹಾಗಾದ್ರೆ ತಪ್ಪು ಎಲ್ಲೆಲ್ಲಿ ಇರಬಹುದು? ಫ್ಯೂಸು, ವೈರು, ಕಂಟ್ರೋಲ್ ಯೂನಿಟ್ಟು, ಮೋಟಾರು, ಕೇಬಲ್ಲು, ಜ್ಯಾಕು. ಆರು ಕೊಂಡಿಯ ಸರಪಳಿ. ಪೂರ್ತಿ ಅಸೆಂಬ್ಲಿ ಬದಲಾಯಿಸಿ ಅನ್ನೋದಂದ್ರೆ ಯಾವ ಕೊಂಡಿ ಅಂತ ಹುಡುಕಲ್ಲ ಅಂತಲೇ ಅರ್ಥ.

ಭಾಯ್ ಹೇಳಿದ ಕ್ರಮ ಸರಳ. ಅರ್ಧಕ್ಕೆ ಕತ್ತರಿಸಿ ನೋಡಿ, ಯಾವ ಅರ್ಧ ಸರಿ ಇದೆಯೋ ಅದನ್ನ ಬಿಟ್ಟು ಮುಂದೆ ಹೋಗಿ. ಬಟನ್ ಒತ್ತಿ ಹಿಡಿದು ಮೋಟಾರಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ವಿ, 12 ವೋಲ್ಟ್ ಬಂತು. ಒಂದೇ ಅಳತೆಗೆ ಫ್ಯೂಸು, ವೈರು, ಯೂನಿಟ್ಟು ಮೂರೂ ಪಾಸು. ಎರಡೂ ಕೇಬಲ್ ಕಳಚಿ ಒತ್ತಿದ್ವಿ, ಮೋಟಾರ್ ಗಿರ್ರನೆ ತಿರುಗ್ತು. ಅದೂ ಪಾಸು. ಬಲಗಡೆ ಜ್ಯಾಕನ್ನ ಕೈಯಲ್ಲೇ ತಿರುಗಿಸಿದ್ರೆ ಸಲೀಸಾಗಿ ತಿರುಗ್ತು. ಎಡಗಡೆಯದು ಕಲ್ಲು. ಕೊನೆಗೆ ಎಡಗಡೆ ಕೇಬಲ್ಲಿನ ತುದಿ ನೋಡಿದ್ವಿ. ಚೌಕವಾಗಿ ಇರಬೇಕಾದ್ದು ಸವೆದು ಗುಂಡಗಾಗಿತ್ತು. ಜ್ಯಾಕು ಹಟ ಹಿಡಿದು ನಿಂತಿದೆ, ಕೇಬಲ್ ಅದರ ತೂತಿನಲ್ಲೇ ಸುತ್ತಿ ಸುತ್ತಿ ತಾನು ಸವೆದಿದೆ. ಒಂದೂವರೆ ಲಕ್ಷದ ಕಾಯಿಲೆ ಒಂದು ಬೆರಳಿನ ಉಗುರಿನಷ್ಟು ಜಾಗದಲ್ಲಿತ್ತು.

ಆದ್ರೆ ಜ್ಯಾಕು ಹಿಡಿದಿದ್ದು ಯಾಕೆ? ಭಾಯ್ ಸ್ಪಾಯ್ಲರ್ ಕೂರುವ ಗುಳಿಗೆ ಒಂದು ಲೋಟ ನೀರು ಸುರಿದ್ರು. ಬಲಗಡೆಯ ನೀರು ಇಳಿದು ಹೋಯ್ತು, ಎಡಗಡೆಯದು ಹಾಗೇ ನಿಂತ್ತು. ನೀರು ಹೋಗುವ ತೂತಿನಲ್ಲಿ ಗುಲ್‌ಮೊಹರ್ ಎಲೆಯ ಪುಡಿ, ಧೂಳು ಸೇರಿ ಕೆಸರು ಕಟ್ಟಿತ್ತು. ವರ್ಷಗಟ್ಟಲೆ ಮರದ ಕೆಳಗೆ ನಿಂತ ಕಾರು. ಮಳೆ ನೀರು ಹೋಗೋಕೆ ದಾರಿ ಇಲ್ಲದೆ ಜ್ಯಾಕಿನೊಳಗೆ ಇಳಿದಿದೆ, ಸ್ಕ್ರೂ ತುಕ್ಕು ಹಿಡಿದಿದೆ, ಗ್ರೀಸು ಮೇಣದ ಹಾಗೆ ಗಟ್ಟಿಯಾಗಿದೆ. ತಿಂಗಳಿಗೊಮ್ಮೆ ಬಟನ್ ಒತ್ತಿ ರೆಕ್ಕೆ ಎತ್ತಿ ಇಳಿಸಿದ್ರೂ ಬೇಗ ಗೊತ್ತಾಗ್ತಿತ್ತು. ನೂರಿಪ್ಪತ್ತು ಬರಲಿ ಅಂತ ಕಾದ ರೆಕ್ಕೆ, ಬರದೇ ಇದ್ದದ್ದಕ್ಕೇ ಕೆಟ್ಟಿತ್ತು.

ಶುಕ್ರವಾರ ಇಡೀ ದಿನ ಜ್ಯಾಕಿಗೆ ಹೋಯ್ತು. ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದ್ದನ್ನ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ, ಹೊಸ ಲಿಥಿಯಂ ಗ್ರೀಸ್ ತುಂಬಿದ್ವಿ. ಹಲ್ಲುಗಳು ಸವೆದಿರಲಿಲ್ಲ, ಅದೃಷ್ಟ.

ಕೇಬಲ್ಲಿಗೆ ಏನು ಮಾಡೋದು? ನಮ್ಮಲ್ಲೊಬ್ಬ, ಇದು ಹಳೇ ಸ್ಕೂಟರಿನ ಸ್ಪೀಡೋ ಕೇಬಲ್ ಥರಾನೇ ಇದೆ, ಜೆ.ಸಿ. ರಸ್ತೆಗೆ ಹೋದ್ರೆ ಸಿಗುತ್ತೆ ಅಂದ. ಭಾಯ್ ತಲೆ ಆಡಿಸಿದ್ರು. ಸ್ಪೀಡೋ ಕೇಬಲ್ ಮುಖ್ಯವಾಗಿ ಒಂದೇ ದಿಕ್ಕಿಗೆ ತಿರುಗೋಕೆ ಮಾಡಿದ್ದು, ಎಳೆಯೋದು ಒಂದು ಮುಳ್ಳನ್ನ. ಇದು ಎರಡೂ ದಿಕ್ಕಿಗೆ ತಿರುಗಬೇಕು, ಎತ್ತೋದು ರೆಕ್ಕೆಯನ್ನ. ತಂತಿಯ ಸುತ್ತು ತಿರುಗೋ ದಿಕ್ಕಿಗೆ ಬಿಗಿಯಾದ್ರೆ ಬಲ, ಬಿಚ್ಚಿಕೊಂಡ್ರೆ ದುರ್ಬಲ. ಹಾಗಾಗಿ ಇದ್ದ ಕೇಬಲ್ಲನ್ನೇ ಉಳಿಸಿಕೊಂಡ್ವಿ. ಪಕ್ಕದ ಲೇತ್ ಅಂಗಡಿಯವರು ಬಲಗಡೆ ಕೇಬಲ್ಲಿನ ಚೌಕ ತುದಿಯನ್ನ ಅಳೆದು, ಅದೇ ಅಳತೆಯ ತುದಿ ಇರುವ ಉಕ್ಕಿನ ಸಣ್ಣ ತೋಳು ಮಾಡಿ, ಸವೆದ ತುದಿಗೆ ತೊಡಿಸಿ ಬೆಸೆದು ಕೊಟ್ಟರು. ನಾನೂರು ರೂಪಾಯಿ.

ಜೋಡಿಸೋದೇ ಸೂಕ್ಷ್ಮ ಕೆಲಸ. ಎರಡು ಜ್ಯಾಕೂ ಒಂದೇ ಎತ್ತರದಲ್ಲಿ ಇರುವಾಗಲೇ ಕೇಬಲ್ ಸಿಕ್ಕಿಸಬೇಕು. ಇಲ್ಲಾಂದ್ರೆ ರೆಕ್ಕೆ ಹುಟ್ಟಾ ಸೊಟ್ಟ. ಎರಡನ್ನೂ ಕೈಯಲ್ಲಿ ಪೂರ್ತಿ ತಳಕ್ಕೆ ಇಳಿಸಿ, ಸ್ಟೀಲ್ ಸ್ಕೇಲಿನಲ್ಲಿ ಅಳೆದು ಸಿಕ್ಕಿಸಿದ್ವಿ. ನೀರಿನ ತೂತನ್ನ ಶುಚಿ ಮಾಡಿ ಮತ್ತೆ ಒಂದು ಲೋಟ ನೀರು ಸುರಿದು ನೋಡಿದ್ವಿ.

ಶನಿವಾರ ಸಂಜೆ ಬಟನ್ ಒತ್ತಿದಾಗ ಎರಡು ಕಡೆಯೂ ಸಮಕ್ಕೆ ಎದ್ದು ನಿಂತ್ತು. ಟೀ ಅಂಗಡಿಯಿಂದ ಚಪ್ಪಾಳೆ. ಭಾಯ್‌ಗೆ ಅಷ್ಟು ಸಾಲದು. ಇಪ್ಪತ್ತು ಸಲ ಎತ್ತಿ ಇಳಿಸಿ ಅಂದ್ರು, ಪ್ರತಿ ಸಲ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಬರೆದ್ಕೊಳ್ಳಿ ಅಂದ್ರು. ಮೊದಲ ಸಲಕ್ಕೂ ಇಪ್ಪತ್ತನೆಯದಕ್ಕೂ 4 ಆಂಪಿಯರಿನ ಆಸುಪಾಸೇ ಇತ್ತು, ಏರಲಿಲ್ಲ. ಆಮೇಲೆ ಸ್ಕ್ಯಾನರ್ ಹಾಕಿ ಕಂಟ್ರೋಲ್ ಯೂನಿಟ್ಟಿನಿಂದಲೇ ಎತ್ತಿಸಿ ಇಳಿಸಿ, ದಾಖಲಾಗಿದ್ದ ದೋಷ ಅಳಿಸಿದ್ವಿ. ದೀಪ ಆರಿತು. ಈ ಸಲ ಅದು ನಿಜ ಹೇಳ್ತಾ ಇತ್ತು.

ಬಿಲ್ಲು ಬರೆಯೋ ಕೆಲಸ ನಮ್ಮದು. ಕೂಲಿ, ಲೇತ್, ಗ್ರೀಸ್ ಎಲ್ಲಾ ಸೇರಿ 6,500 ರೂಪಾಯಿ. ಕೆಳಗೆ ಇನ್ನೊಂದು ಸಾಲು ಸೇರಿಸಿ ಅಂದ್ರು ಭಾಯ್: ಎಡಗಡೆ ಕೇಬಲ್ ತುದಿಗೆ ತೋಳು ಹಾಕಿದೆ, ಹೊಸ ಕೇಬಲ್ ಅಲ್ಲ, ವರ್ಷಕ್ಕೊಮ್ಮೆ ನೋಡಬೇಕು.

"ಅದ್ಯಾಕೆ ಭಾಯ್? ನೋಡಿದ್ರೆ ಬೆಲೆ ಇಳಿಸ್ತಾರೆ" ಅಂದ್ರು ಮಾಲೀಕರು.

"ಇಳಿಸಿದ್ರೆ ಸ್ವಲ್ಪ ಇಳಿಸ್ತಾರೆ ಸಾರ್. ಮುಂದೆ ಇದನ್ನ ಬಿಚ್ಚೋ ಮೆಕ್ಯಾನಿಕ್‌ಗೆ ಗೊತ್ತಾಗ್ಬೇಕಲ್ಲ."

ಮಾಲೀಕರು ಸ್ವಲ್ಪ ಹೊತ್ತು ಬಿಲ್ಲು ನೋಡ್ತಾ ನಿಂತ್ರು. ಆಮೇಲೆ ನಾಲ್ಕಾಗಿ ಮಡಚಿ, ಕಾರಿನ ಆರ್.ಸಿ. ಜೊತೆಗೇ ಇಟ್ಟುಕೊಂಡ್ರು.